ಮಲೆನಾಡಿನ ಮನೆಯಲ್ಲಿ ಆರ್ಕಿಡ್: ಮಣ್ಣು ಬೇಡ, ಗಾಳಿ ಬೇಕು

ಆರ್ಕಿಡ್ ಬೆಳೆಸಬೇಕು ಅನ್ನಿಸಿದ ಕೂಡಲೇ ಕುಂಡ, ಕೆಮ್ಮಣ್ಣು, ಸಗಣಿಗೊಬ್ಬರ ಹೊಂದಿಸಲು ಹೊರಡಬೇಡಿ. ರೋಹಿಣಿ ಮಳೆ ಮುಗಿದು ಮೃಗಶಿರಾ ಹಿಡಿಯುವ ಹೊತ್ತಿಗೆ, ಅಂದರೆ ಜೂನ್ ಮೊದಲ ವಾರದ ಆಸುಪಾಸಿನಲ್ಲಿ, ತೀರ್ಥಹಳ್ಳಿಯೋ ಹೊಸನಗರವೋ ಸಾಗರವೋ, ಯಾವುದಾದರೂ ಹಳ್ಳಿ ರಸ್ತೆಯಲ್ಲಿ ಒಂದು ಮೈಲಿ ನಡೆದು ಬನ್ನಿ. ಹಳೇ ಮಾವು, ಹಲಸು, ಮತ್ತಿ ಮರಗಳ ಕೊಂಬೆ ನೋಡುತ್ತಾ ಹೋಗಿ. ಎಲ್ಲೋ ಒಂದು ಕಡೆ ಹೆಣೆದ ಜಡೆಯಂತೆ ಇಳಿಬಿದ್ದ ಹೂಗೊಂಚಲು ಕಂಡೇ ಕಾಣುತ್ತದೆ. ಬಿಳಿಯ ಮೇಲೆ ನೇರಳೆ ಚುಕ್ಕೆ, ಒಂದೊಂದು ಗೊಂಚಲಿಗೆ ನೂರರ ಹತ್ತಿರ ಹೂ. ಅದೇ ನಮ್ಮ ಸೀತಾಳೆ ದಂಡೆ. ಸೀತೆ ವನವಾಸದಲ್ಲಿ ಮುಡಿದದ್ದು ಅಂತ ನಮ್ಮ ಕಡೆ ಹೇಳುತ್ತಾರೆ. ಸಸ್ಯಶಾಸ್ತ್ರದವರು ಇದನ್ನು ರಿಂಕೋಸ್ಟೈಲಿಸ್ ರೆಟ್ಯೂಸಾ ಅನ್ನುತ್ತಾರೆ. ಅಸ್ಸಾಮಿನಲ್ಲಿ ಇದೇ ಹೂವನ್ನು ಬಿಹು ಹಬ್ಬದಲ್ಲಿ ಹೆಂಗಸರು ಮುಡಿಯುತ್ತಾರೆ, ಆ ರಾಜ್ಯದ ಹೂವೂ ಇದೇ.

ಹೂವಿನ ಚಂದ ಸಾಕಷ್ಟು ನೋಡಿಯಾದ ಮೇಲೆ ಬೇರು ನೋಡಿ. ಬಳಪದ ಕಡ್ಡಿಯಷ್ಟು ದಪ್ಪ, ಬೂದಿ ಬಣ್ಣ, ತೊಗಟೆಯ ಮೇಲೆ ಹರಿದಾಡಿಕೊಂಡು ಹೋಗಿರುತ್ತದೆ. ಅರ್ಧಕ್ಕರ್ಧ ಬೇರು ಯಾವುದಕ್ಕೂ ಅಂಟಿಕೊಳ್ಳದೆ ಗಾಳಿಯಲ್ಲಿ ನೇತಾಡುತ್ತಿರುತ್ತದೆ. ಕೈಗೆಟುಕುವ ಎತ್ತರದಲ್ಲಿದ್ದರೆ ಒಂದು ಬೊಗಸೆ ನೀರು ಎರಚಿ ನೋಡಿ, ನೋಡುತ್ತಿದ್ದಂತೆ ಬೂದಿ ಹೋಗಿ ಹಸಿರಾಗುತ್ತದೆ. ಬೇರಿನ ಸುತ್ತ ಸತ್ತ ಜೀವಕೋಶಗಳ ಒಂದು ಸ್ಪಂಜಿನ ಹೊದಿಕೆ ಇದೆ. ಮಳೆ ಬಂದಾಗ ಅದು ನೀರು ಹೀರಿ ಒಳಗಿನ ಬೇರಿಗೆ ಕೊಡುತ್ತದೆ, ಗಾಳಿ ಬೀಸಿದಾಗ ಒಣಗುತ್ತದೆ. ನೆನೆಯುವುದು, ಒಣಗುವುದು, ಮತ್ತೆ ನೆನೆಯುವುದು. ಈ ಬೇರನ್ನು ಮಣ್ಣಲ್ಲಿ ಹೂತರೆ ಮೂಗು ಮುಚ್ಚಿದ ಹಾಗೆ. ಆರ್ಕಿಡ್ ಬಗ್ಗೆ ನಾನು ಹೇಳಬೇಕಾದ ಮುಖ್ಯ ಮಾತು ಇಷ್ಟೇ. ಉಳಿದದ್ದು ಇದನ್ನೇ ನಮ್ಮ ಮಳೆ, ಚಳಿ, ಬಿಸಿಲಿಗೆ ಹೊಂದಿಸಿಕೊಳ್ಳುವ ಉಪಾಯಗಳು.

ಇನ್ನೊಂದು ತಪ್ಪು ತಿಳಿವಳಿಕೆ ಇಲ್ಲೇ ತಿದ್ದಿಕೊಳ್ಳೋಣ. ನಾನು ಮೊದಲ ಸಲ ಹಲಸಿನ ಮರಕ್ಕೆ ಸೀತಾಳೆ ದಂಡೆ ಕಟ್ಟುತ್ತಿದ್ದಾಗ ಅತ್ತೆ ಜಗಲಿಯಿಂದಲೇ ಕೂಗಿದ್ದರು: "ಆ ಬಂದಣಿಕೆ ಯಾಕೆ ಕಟ್ತೀಯೇ? ಮರ ಸತ್ತುಹೋಗ್ತದೆ." ಬಂದಣಿಕೆ ಬೇರೆ, ಇದು ಬೇರೆ. ಬಂದಣಿಕೆಯ ಬೇರು ಕೊಂಬೆಯ ಒಳಗೇ ಇಳಿದು ಮರದ ರಸ ಕುಡಿಯುತ್ತದೆ. ಆರ್ಕಿಡ್ ಮರದಿಂದ ಒಂದು ತೊಟ್ಟೂ ಪಡೆಯುವುದಿಲ್ಲ, ಬರೀ ಕೂರಲು ಜಾಗ ಕೇಳುತ್ತದೆ.

ಕಾಡಿನದನ್ನು ಕಾಡಲ್ಲೇ ನೋಡಿ

ಜಗತ್ತಿನಲ್ಲಿ 25,000ಕ್ಕೂ ಹೆಚ್ಚು ಆರ್ಕಿಡ್ ಪ್ರಭೇದಗಳಿವೆ, ಭಾರತದಲ್ಲೇ 1,200ಕ್ಕೂ ಹೆಚ್ಚು. ನಮ್ಮ ಸುತ್ತ ಸೀತಾಳೆ ದಂಡೆಯ ಹೊತ್ತಿಗೇ ಗುಲಾಬಿ ಹೂ ಬಿಡುವ ಏರಿಡಿಸ್ ಕ್ರಿಸ್ಪಾ ಇದೆ. ಅದು ಪಶ್ಚಿಮ ಘಟ್ಟದ್ದೇ ಗಿಡ. ಮರದ ಕವಲಿನಲ್ಲಿ ಕತ್ತಾಳೆಯಂಥ ದಪ್ಪ ಎಲೆಯ ಬುಟ್ಟಿಯಂತೆ ಕೂತಿರುವುದು ಸಿಂಬಿಡಿಯಂ ಅಲೋಯ್‌ಫೋಲಿಯಂ. ಮಾಗಿಯಲ್ಲಿ ಎಲೆಯೆಲ್ಲ ಉದುರಿಸಿ, ಸತ್ತೇಹೋಯಿತು ಅನ್ನಿಸುವ ಬರೀ ಕಡ್ಡಿಯ ಮೇಲೆ ಬಿಳಿ ಹೂ ಬಿಡುವುದು ಡೆಂಡ್ರೋಬಿಯಂ ಬಾರ್ಬಟುಲಮ್. ಕೊಡಚಾದ್ರಿ, ಕುಂದಾದ್ರಿಯಂಥ ಗುಡ್ಡದ ಹುಲ್ಲಿನಲ್ಲಿ ಆಗಸ್ಟ್, ಸೆಪ್ಟೆಂಬರಿಗೆ ಬಿಳಿ ಹೂ ಎತ್ತುವ ಹ್ಯಾಬೆನೇರಿಯಾಗಳು ನೆಲದ ಆರ್ಕಿಡ್‌ಗಳು. ನೆಲದಡಿ ಗೆಡ್ಡೆ ಇಟ್ಟುಕೊಂಡು ಮಳೆ ನಿಂತ ಮೇಲೆ ಮಾಯವಾಗುತ್ತವೆ.

ಯಾವುದನ್ನೂ ಕಿತ್ತು ತರಬೇಡಿ. ಮೀಸಲು ಅರಣ್ಯದಿಂದ, ಶರಾವತಿ ಕಣಿವೆ, ಶೆಟ್ಟಿಹಳ್ಳಿಯಂಥ ಅಭಯಾರಣ್ಯದಿಂದ ಗಿಡ ಕೀಳುವುದು ಅಪರಾಧ, ಅದು ಸರಿ. ಅದಕ್ಕಿಂತ ದೊಡ್ಡ ಕಾರಣ, ಕಿತ್ತದ್ದು ಬದುಕುವುದಿಲ್ಲ. ತೊಗಟೆಗೆ ಅಂಟಿದ ಬೇರನ್ನು ಎಬ್ಬಿಸುವಾಗ ಅರ್ಧ ಹರಿಯುತ್ತದೆ, ಉಳಿದರ್ಧ ಚೀಲದಲ್ಲಿ ಬೇಯುತ್ತದೆ. ಕಳೆದುಕೊಂಡದ್ದು ಬೇಗ ತುಂಬಿ ಬರುವುದೂ ಇಲ್ಲ. ಆರ್ಕಿಡ್ಡಿನ ಒಂದು ಕಾಯಲ್ಲಿ ಲಕ್ಷಗಟ್ಟಲೆ ಬೀಜವಿದ್ದರೂ ಅದು ಬರೀ ಧೂಳು. ಭತ್ತದ ಕಾಳಿನಲ್ಲಿ ಮೊಳಕೆಗೆ ಬೇಕಾದ ಬುತ್ತಿ ಒಳಗೇ ಇರುತ್ತದಲ್ಲ, ಅದು ಇದಕ್ಕಿಲ್ಲ. ಸರಿಯಾದ ಶಿಲೀಂಧ್ರ ಸಿಕ್ಕಿ, ಅದು ಉಣಿಸಿದರಷ್ಟೇ ಮೊಳಕೆ. ಫ್ರಾನ್ಸಿನ ನೋಯೆಲ್ ಬರ್ನಾರ್ಡ್ 1899ರಲ್ಲಿ ಇದನ್ನು ಕಂಡುಹಿಡಿಯುವವರೆಗೆ ದೊಡ್ಡ ದೊಡ್ಡ ತೋಟದವರಿಗೂ ಬೀಜದಿಂದ ಗಿಡ ಮಾಡುವುದು ಒಗಟಾಗಿತ್ತು. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಸಕ್ಕರೆ ಬೆರೆಸಿದ ಅಗರ್ ಎಂಬ ಕಡಲಪಾಚಿಯ ಜೆಲ್ಲಿಯ ಮೇಲೆ, ಶಿಲೀಂಧ್ರವಿಲ್ಲದೆಯೇ ಮೊಳಕೆ ಬರಿಸಿ ತೋರಿಸಿದರು. ಇವತ್ತು ನರ್ಸರಿಯಲ್ಲಿ ಸಿಗುವ ಗಿಡಗಳಲ್ಲಿ ಹೆಚ್ಚಿನವು ಆ ದಾರಿಯಲ್ಲಿ ಪ್ರಯೋಗಾಲಯದ ಬಾಟಲಿಯಿಂದ ಬಂದವು.

ಹೂ ನೋಡಲು ಹೋಗುವವರಿಗೆ ಒಂದು ಎಚ್ಚರಿಕೆ. ಡೆಂಡ್ರೋಬಿಯಂ ಅರಳುವ ಡಿಸೆಂಬರಿನಿಂದ ಬೇಸಿಗೆಯವರೆಗಿನ ಕಾಲ ಮಂಗನ ಕಾಯಿಲೆಯ ಕಾಲವೂ ಹೌದು. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಗುರುತಿಸಿದ ಈ ಜ್ವರವನ್ನು ಹರಡುವುದು ಉಣುಗು. ಉದ್ದ ತೋಳು, ಕಾಲುಚೀಲ ಬೇಕು, ಮನೆಗೆ ಬಂದವರು ಮೊದಲು ಬಚ್ಚಲಿಗೆ ಹೋಗಬೇಕು. ಮಳೆಗಾಲದಲ್ಲಾದರೆ ಬರೀ ಇಂಬಳ. ಅದಕ್ಕೆ ಮಲೆನಾಡಿನವರು ಹೆದರುವುದಿಲ್ಲ ಬಿಡಿ.

ಮೊದಲ ಗಿಡ ಯಾವುದು

ಡೆಂಡ್ರೋಬಿಯಂ ಹೈಬ್ರಿಡ್ ತನ್ನಿ. ನೇರಳೆ, ಬಿಳಿ, ಎರಡೂ ಬೆರೆತದ್ದು, ಯಾವುದಾದರೂ ಸರಿ. ಸೆಕೆ, ಬೆಳಕು, ತೇವ ಮೂರನ್ನೂ ತಡೆಯುತ್ತದೆ, ತಪ್ಪು ಮಾಡಿದರೂ ಒಂದೆರಡು ಸಲ ಕ್ಷಮಿಸುತ್ತದೆ. ಎಲ್ಲರ ಕಣ್ಣಿಗೆ ಬೀಳುವುದು ಚಿಟ್ಟೆಯಂಥ ದೊಡ್ಡ ಹೂವಿನ ಫೆಲನಾಪ್ಸಿಸ್. ಆದರೆ ಅದು ಫಿಲಿಪ್ಪೀನ್ಸ್, ಇಂಡೋನೇಷ್ಯಾದ ಕಡೆಯ ದಟ್ಟ ನೆರಳಿನ ಕಾಡಿನದು. ನೀರು ಶೇಖರಿಸಿಡುವ ಕಾಂಡವಿಲ್ಲ, ಎಲೆಗಳ ನಡುವಿನ ಸುಳಿಗೆ ನೀರು ನಿಂತರೆ ಕೊಳೆಯುತ್ತದೆ. ನಾನು ಮೊದಲು ತಂದದ್ದು ಅದನ್ನೇ. ಪೇಟೆಯ ಒಂದು ನರ್ಸರಿಯಲ್ಲಿ ಹೂ ನೋಡಿ ಮರುಳಾಗಿ, ಮೂರು ಡೆಂಡ್ರೋಬಿಯಂ ಬರುವಷ್ಟು ದುಡ್ಡು ಕೊಟ್ಟು ತಂದೆ. ಬೇರಿನ ನಡುವೆ ಹತ್ತಿಯ ಮುದ್ದೆಯಂಥ ಹಾವಸೆ ತುರುಕಿದ್ದರು. ಅದನ್ನು ತೆಗೆಯಬೇಕು ಅಂತ ಅವರು ಹೇಳಲಿಲ್ಲ, ನನಗೆ ಗೊತ್ತಿರಲಿಲ್ಲ. ಆಶ್ಲೇಷಾ ಮಳೆಯ ಹೊತ್ತಿಗೆ ಕೈಯಿಟ್ಟರೆ ಬೇರು ಬೆಂದ ಶಾವಿಗೆಯ ಹಾಗೆ ಜಾರಿ ಬಂತು.

ಹಾಗಾಗಿ ಕೊಳ್ಳುವಾಗ ಹೂವಿಗೆ ಬೆನ್ನು ಹಾಕಿ ಬೇರು ನೋಡಿ. ಒತ್ತಿದರೆ ಗಟ್ಟಿಯಾಗಿರಬೇಕು, ತುದಿ ಹಸಿರಾಗಿಯೋ ಕೆಂಪಾಗಿಯೋ ಇರಬೇಕು. ಡೆಂಡ್ರೋಬಿಯಂ ಆದರೆ ಕಡಿಮೆಯೆಂದರೂ ಮೂರು ನಾಲ್ಕು ಕಡ್ಡಿ ಇರಲಿ. ಎಲೆ ಉದುರಿದ ಹಳೇ ಕಡ್ಡಿ ಇದ್ದರೆ ಒಳ್ಳೆಯದೇ, ಅದು ಗಿಡದ ಕಣಜ. ಬೋಳಾಯಿತು ಅಂತ ಕತ್ತರಿಸಬೇಡಿ.

ಶಿವಮೊಗ್ಗ, ಭದ್ರಾವತಿಯಂಥ ಬಿಸಿಲ ಊರಿನವರಿಗೆ ವ್ಯಾಂಡಾ, ಮೊಕಾರಾ ಕೂಡ ಹೊಂದುತ್ತವೆ. ಖಾಲಿ ಬುಟ್ಟಿಯಲ್ಲಿ ಬೇರು ಇಳಿಬಿಟ್ಟು ತೂಗುಹಾಕಬಹುದು, ಆದರೆ ಬೇಸಿಗೆಯಲ್ಲಿ ದಿನಾ ನೀರು ಬೇಕು. ಆನ್ಸಿಡಿಯಂ ಎಲ್ಲ ಕಡೆಗೂ ಆದೀತು. ವೆನಿಲ್ಲಾ ಕೂಡ ಆರ್ಕಿಡ್ಡೇ. ಇಪ್ಪತ್ತು ವರ್ಷದ ಹಿಂದೆ ಬೆಳಿಗ್ಗೆ ಬೆಳಿಗ್ಗೆ ಕಡ್ಡಿ ಹಿಡಿದು ಒಂದೊಂದೇ ಹೂವಿಗೆ ಪರಾಗ ಮುಟ್ಟಿಸಿ, ಆಮೇಲೆ ಬೆಲೆ ಬಿದ್ದಾಗ ಬಳ್ಳಿ ಕಡಿದು ಹಾಕಿದವರಿಗೆ ಅದನ್ನು ನೆನಪಿಸಬಾರದು.

ಬಚ್ಚಲ ಒಲೆಯ ಇದ್ದಿಲು

ಕುಂಡದಲ್ಲಿ ಇಡುವುದಾದರೆ ತುಂಬಲು ಬೇಕಾದ್ದೆಲ್ಲ ನಮ್ಮ ಹಿತ್ತಲಲ್ಲೇ ಇದೆ. ಬಚ್ಚಲ ಒಲೆಯ ಕಟ್ಟಿಗೆ ಇದ್ದಿಲು, ಒಡೆದ ಮಂಗಳೂರು ಹಂಚು ಅಥವಾ ಇಟ್ಟಿಗೆಯ ಚೂರು, ತೆಂಗಿನ ಸಿಪ್ಪೆಯ ತುಂಡು. ಇದ್ದಿಲು ಮತ್ತು ಹಂಚಿನ ಚೂರು ಹೆಬ್ಬೆರಳಿನ ತುದಿಯಷ್ಟಿರಲಿ. ಪುಡಿ ಬೇಡವೇ ಬೇಡ, ಪುಡಿ ಅಂದರೆ ಮತ್ತೆ ಮಣ್ಣೇ ಆಯಿತು. ಇದ್ದಿಲನ್ನು ಎರಡು ಮೂರು ನೀರಿನಲ್ಲಿ ತೊಳೆದು ಬೂದಿ ಹೋಗಿಸಿ, ಬೂದಿಯ ಕ್ಷಾರ ಬೇರಿಗೆ ಆಗುವುದಿಲ್ಲ. ತೆಂಗಿನ ಸಿಪ್ಪೆಯನ್ನು ನಾಲ್ಕೈದು ದಿನ ನೆನೆಹಾಕಿ, ದಿನಾ ನೀರು ಬದಲಿಸಿ, ಆ ಕಂದು ಬಣ್ಣ ತೆಳುವಾದ ಮೇಲೆ ಬಳಸಿ.

ಪ್ರಮಾಣ ಊರಿನ ಮಳೆ ನೋಡಿ ಮಾಡಿಕೊಳ್ಳಬೇಕು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿದರೆ ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಪೇಟೆಯವರು ಮೂರರಲ್ಲಿ ಒಂದು ಪಾಲು ಸಿಪ್ಪೆ ಹಾಕಿಕೊಳ್ಳಿ. ಘಟ್ಟದ ಅಂಚಿನವರು ಸಿಪ್ಪೆ ಬಿಟ್ಟೇಬಿಡಿ, ಬರೀ ಇದ್ದಿಲು, ಹಂಚು ಸಾಕು. ಕುಂಡ ಗಿಡಕ್ಕಿಂತ ಸಣ್ಣದಾಗಿ ಕಾಣಬೇಕು. ನಾಲ್ಕಿಂಚಿನದು ಸಾಕಾಗುವ ಕಡೆ ಎಂಟಿಂಚಿನದು ಇಟ್ಟರೆ ನಡುವಿನ ತೇವ ಆರುವುದೇ ಇಲ್ಲ. ಮಣ್ಣಿನ ಕುಂಡಕ್ಕೆ ಪಕ್ಕದಲ್ಲಿ ತೂತು ಹಾಕಿಸಿಕೊಳ್ಳಿ, ಇಲ್ಲವೇ ಪ್ಲಾಸ್ಟಿಕ್ ಬುಟ್ಟಿಯೇ ಸಾಕು. ನರ್ಸರಿಯ ಹಾವಸೆ ಮುದ್ದೆಯನ್ನು ಬಿಡಿಸಿ ತೆಗೆದು, ಕೊಳೆತ ಬೇರನ್ನು ಕತ್ತರಿಸಿ, ಗಾಯಕ್ಕೆ ಚಿಟಿಕೆ ದಾಲ್ಚಿನ್ನಿ ಪುಡಿ ಒತ್ತಿ ಒಂದು ದಿನ ನೆರಳಲ್ಲಿ ಆರಲು ಬಿಡಿ. ಆಮೇಲೆ ಬುಡ ಮೇಲೆ ಕಾಣುವಂತೆ ಕೂರಿಸಿ. ಗಿಡ ಅಲುಗಾಡಿದರೆ ಹೊಸ ಬೇರಿನ ತುದಿ ಮುರಿಯುತ್ತದೆ, ಕಡ್ಡಿಯೊಂದನ್ನು ಊರಿ ಕಟ್ಟಿಬಿಡಿ. ಒಂದು ಗಿಡಕ್ಕೆ ಬಳಸಿದ ಕತ್ತರಿಯನ್ನು ಗ್ಯಾಸಿನ ಬೆಂಕಿಗೆ ಹಿಡಿಯದೆ ಇನ್ನೊಂದಕ್ಕೆ ಮುಟ್ಟಿಸಬಾರದು, ವೈರಸ್ ದಾಟುವುದು ಹಾಗೆಯೇ.

ಮರಕ್ಕೆ ಕಟ್ಟುವ ಬಗೆ

ಮರ ಇರುವವರು ಕುಂಡದ ಗೋಜಿಗೆ ಯಾಕೆ ಹೋಗಬೇಕು ಅನ್ನುವುದು ನನ್ನ ಅಭಿಪ್ರಾಯ. ಒರಟು ತೊಗಟೆ ಇರಬೇಕು, ತೊಗಟೆ ಸುಲಿದು ಬೀಳುವ ಮರ ಆಗಬಾರದು. ಹಲಸು ಎಲ್ಲಕ್ಕಿಂತ ಒಳ್ಳೆಯದು, ಆಮೇಲೆ ಮಾವು. ಪೇರಲೆ, ನಂದಿ, ನೀಲಗಿರಿ ಬೇಡ. ಇವತ್ತು ಬೇರು ಹಿಡಿದರೆ ನಾಳೆ ಸಿಪ್ಪೆಯ ಸಮೇತ ಕೆಳಗೆ.

ನಮ್ಮ ಸೀತಾಳೆ ದಂಡೆ ಬಂದದ್ದು ಹೀಗೆ. ಒಂದು ವರ್ಷ ಮೃಗಶಿರಾ ಗಾಳಿಗೆ ಅಂಗಳದಂಚಿನ ಹಳೇ ಮಾವಿನ ಕೊಂಬೆ ಮುರಿದು ಬಿತ್ತು, ಅದರ ಮೇಲೆ ಮೂರು ಬುಡ ಇದ್ದವು. ಎಬ್ಬಿಸಲು ಹೋಗದೆ, ಬೇರು ಹಿಡಿದಿದ್ದ ತೊಗಟೆಯನ್ನು ಅಂಗೈಯಗಲ ಹಾಗೇ ಕೆತ್ತಿ ತೆಗೆದೆವು. ಹಲಸಿನ ಕಾಂಡದಲ್ಲಿ ಪೂರ್ವಕ್ಕೆ ಮುಖ ಮಾಡಿದ, ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಜಾಗ ನೋಡಿ, ಎದೆಯೆತ್ತರದಲ್ಲಿ ಇಟ್ಟು, ಹಳೇ ಹತ್ತಿ ಪಂಚೆಯನ್ನು ಎರಡು ಬೆರಳಗಲ ಹರಿದು ಬಿಗಿಯಾಗಿ ಸುತ್ತಿದೆವು. ಬಟ್ಟೆ ಬೇರಿನ ಮೇಲೆ ಹಾಯಬೇಕು, ಸುಳಿಯ ಮೇಲೆ ಅಲ್ಲ. ಎಲೆ ನೇರ ಆಕಾಶಕ್ಕೆ ನಿಲ್ಲದೆ ಸ್ವಲ್ಪ ಓರೆಯಾಗಿ ಬಾಗಿರಬೇಕು. ಕಾಡಿನಲ್ಲಿ ಅದು ಇರುವುದೇ ಹಾಗೆ, ಸುಳಿಗೆ ಬಿದ್ದ ನೀರು ತಾನಾಗಿ ಜಾರಿ ಹೋಗುತ್ತದೆ. ಒಂದೂವರೆ ತಿಂಗಳಿಗೆ ಹೊಸ ಬೇರಿನ ಹಸಿರು ತುದಿ ಪಂಚೆಯ ಚೂರನ್ನು ದಾಟಿ ಹಲಸಿನ ತೊಗಟೆ ಹಿಡಿದಿತ್ತು. ಆ ಬಟ್ಟೆ ಎರಡು ಮಳೆಗಾಲದಲ್ಲಿ ತಾನೇ ಕೊಳೆತು ಉದುರಿತು. ಪ್ಲಾಸ್ಟಿಕ್ ದಾರ, ತಂತಿ ಆದರೆ ನೀವೇ ನೆನಪಿಟ್ಟು ಬಿಚ್ಚಬೇಕು, ಯಾರೂ ಬಿಚ್ಚುವುದಿಲ್ಲ.

ಕಟ್ಟಲು ಮಳೆ ಶುರುವಾಗುವ ಹೊತ್ತೇ ಸರಿ. ನವೆಂಬರಿನಲ್ಲಿ ಕಟ್ಟಿದರೆ ಬೇರು ಮಲಗಿರುತ್ತದೆ, ಹಿಡಿಯುವಷ್ಟರಲ್ಲಿ ಗಿಡ ಸೊರಗುತ್ತದೆ.

ಅಡಿಕೆ ಮರಕ್ಕೆ ಕಟ್ಟಬಹುದೇ ಅಂತ ಎಲ್ಲರೂ ಕೇಳುತ್ತಾರೆ. ನೆರಳು, ತಂಪು ಎಲ್ಲ ಇದೆ, ಗಿಡ ಹಿಡಿಯುತ್ತದೆ ಕೂಡ. ತೊಂದರೆ ಬರುವುದು ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿಯಿಂದ. ಆ ಬೋರ್ಡೋ ದ್ರಾವಣದಲ್ಲಿರುವ ಮೈಲುತುತ್ತ ಆರ್ಕಿಡ್ಡಿಗೆ, ಅದರಲ್ಲೂ ಡೆಂಡ್ರೋಬಿಯಂಗೆ ವಿಷ. ಮಳೆಗಾಲದಲ್ಲಿ ಎರಡು ಮೂರು ಸಲ ಮೇಲಿನಿಂದ ಹೊಡೆಯುವ ಔಷಧಿ ಹನಿ ಹನಿಯಾಗಿ ಕಾಂಡದ ಗುಂಟ ಇಳಿದು ಸೀದಾ ಬೇರಿಗೇ ಬರುತ್ತದೆ. ನಮ್ಮ ತೋಟದ ಕಾಲುದಾರಿಯ ಅಂಚಿಗೆ ಆಸೆಪಟ್ಟು ಕಟ್ಟಿದ್ದ ಐದು ಗಿಡದ ತುದಿ ಒಂದೇ ವಾರದಲ್ಲಿ ಕಪ್ಪಾಯಿತು. ಅಡಿಕೆ ಬಿಟ್ಟು ಗಿಡ ಉಳಿಸಿ ಅಂತ ಮನೆಯವರಿಗೆ ಹೇಳಲಾಗುತ್ತದೆಯೇ?

ನೀರು: ವರ್ಷಕ್ಕೆ ಮೂರು ಲೆಕ್ಕ

ಬೆಂಗಳೂರಿನವರಿಗೆ ಬರೆದ ಸಲಹೆಗಳು ನಮಗೆ ಹೊಂದದಿರುವುದು ಇಲ್ಲೇ. ವಾರಕ್ಕೆ ಎರಡು ಸಲ ನೀರು ಅಂತಾರೆ. ಆರಿದ್ರಾ ಮಳೆಯಲ್ಲಿ ಹೊರಗಿಟ್ಟ ಕುಂಡಕ್ಕೆ ವಾರಕ್ಕೆ ಏಳು ದಿನವೂ, ರಾತ್ರಿಯೂ ನೀರೇ.

ಮಳೆಗಾಲದಲ್ಲಿ ಕುಂಡದ ಗಿಡಗಳೆಲ್ಲ ಸೂರಿನಡಿಗೆ ಬರಬೇಕು. ಎರಚಲು ತಪ್ಪಬೇಕು, ಗಾಳಿ ತಪ್ಪಬಾರದು. ಜಗಲಿಗೆ ತಟ್ಟಿ ಕಟ್ಟಿದ ಮೇಲೆ ಅದರ ಒಳಗಿನ ಕತ್ತಲ ಮೂಲೆಗೆ ತಳ್ಳಿದರೆ ಕೊಳೆ ಖಂಡಿತ. ನಾನು ಚಪ್ಪರದ ಒಂದು ಬದಿಗೆ ಪಾರದರ್ಶಕ ಶೀಟು ಹಾಕಿಸಿ ಅದರಡಿ ತೂಗುಹಾಕುತ್ತೇನೆ. ಹಗಲು ಬೆಳಕಿರುತ್ತದೆ, ನಾಲ್ಕೂ ಕಡೆಯಿಂದ ಗಾಳಿ. ಜುಲೈ ತಿಂಗಳು ಪೂರ್ತಿ ನಾನು ನೀರು ಮುಟ್ಟುವುದೇ ಇಲ್ಲ, ಹವೆಯಲ್ಲಿನ ತೇವವೇ ಸಾಕಾಗುತ್ತದೆ. ಮರಕ್ಕೆ ಕಟ್ಟಿದವನ್ನು ಮಳೆಗೇ ಬಿಡಿ, ಅವುಗಳಿಗೆ ಏನೂ ಆಗುವುದಿಲ್ಲ.

ಚಳಿಗಾಲದಲ್ಲಿ ವಾರಕ್ಕೆ ಒಂದೋ ಎರಡೋ ಸಲ. ಎಲೆ ಉದುರಿಸುವ ಜಾತಿಗೆ ಅದೂ ಬೇಡ, ಮುಂಜಾನೆಯ ಇಬ್ಬನಿ ಸಾಕು. ಆ ಒಣ ನಿದ್ದೆ ಕೆಡಿಸಿ ನೀರು ಹಾಕುತ್ತಾ ಹೋದರೆ ಹೂವಿನ ಜಾಗದಲ್ಲಿ ಮರಿ ಗಿಡ ಹೊರಡುತ್ತದೆ.

ಕಷ್ಟದ ಕಾಲ ಫೆಬ್ರವರಿಯಿಂದ ಮೇ. ಬಿಸಿಲಿಗಿಂತ ಒಣ ಗಾಳಿಯ ಕಾಟ ಹೆಚ್ಚು. ಬೆಳಿಗ್ಗೆ ಎಂಟರೊಳಗೆ ಬೇರು ಪೂರ್ತಿ ಹಸಿರಾಗುವಂತೆ ನೀರು ಕೊಡಿ, ಚಿಮುಕಿಸಿದರೆ ಸಾಲದು. ಕುಂಡದ ಅಡಿಯಿಂದ ಹರಿದು ಹೋಗಲಿ. ಮಧ್ಯಾಹ್ನ ಗಿಡದ ಕೆಳಗಿನ ನೆಲಕ್ಕೆ ನೀರು ಎರಚಿದರೆ ಸುತ್ತಲ ಹವೆ ತಂಪಾಗುತ್ತದೆ. ರಾತ್ರಿ ಎಲೆಯ ಸಂದಿಯಲ್ಲಿ ನೀರು ನಿಲ್ಲಬಾರದು. ಫೆಲನಾಪ್ಸಿಸ್ ಇದ್ದವರು ಹತ್ತಿ ಬಟ್ಟೆಯ ತುದಿಯಿಂದ ಸುಳಿಯ ನೀರು ಹೀರಿ ತೆಗೆಯಿರಿ. ಡೆಂಡ್ರೋಬಿಯಂಗೆ 50 ಶೇಕಡಾ ನೆರಳು ಬಲೆ, ಫೆಲನಾಪ್ಸಿಸ್‌ಗೆ 75. ಎಲೆ ಕಡುಹಸಿರಾಗಿ ಜೋತರೆ ಬೆಳಕು ಸಾಲದು, ಹಳದಿ ತಿರುಗಿ ಸುಟ್ಟ ಕಲೆ ಬಿದ್ದರೆ ಹೆಚ್ಚಾಯಿತು. ಎಳೆ ಬಾಳೆಲೆಯ ಹಸಿರು ಸರಿಯಾದ ಬಣ್ಣ.

ಗೊಬ್ಬರ, ಹುಳ

ಗೊಬ್ಬರದಂಗಡಿಯಲ್ಲಿ 19 ಆಲ್ ಅಂದರೆ ಕೊಡುತ್ತಾರೆ, ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮವಾಗಿರುವ, ನೀರಲ್ಲಿ ಕರಗುವ ಗೊಬ್ಬರ ಅದು. ಲೀಟರಿಗೆ ಒಂದು ಗ್ರಾಮ್, ಅಂದರೆ ಚಮಚದ ಕಾಲು ಭಾಗಕ್ಕಿಂತ ಹೆಚ್ಚಲ್ಲ, ಹೊಸ ಚಿಗುರು ಬೆಳೆಯುವ ಕಾಲದಲ್ಲಿ ವಾರಕ್ಕೊಮ್ಮೆ. ಮೊದಲು ಬರೀ ನೀರಿನಲ್ಲಿ ಬೇರು ನೆನೆಸಿ, ಆಮೇಲೆ ಗೊಬ್ಬರದ ನೀರು. ತಿಂಗಳಿಗೊಮ್ಮೆ ಬರೀ ನೀರಿನಿಂದ ಉಪ್ಪು ತೊಳೆಯಿರಿ. ಜೀವಾಮೃತ, ಸಗಣಿ ಬಗ್ಗಡ ತೋಟಕ್ಕೆ ಎಷ್ಟೇ ಒಳ್ಳೆಯದಾದರೂ ಇಲ್ಲಿಗೆ ತರಬೇಡಿ, ಇದ್ದಿಲ ಸಂದಿಯಲ್ಲಿ ಕೂತು ಕೊಳೆಯುತ್ತದೆ.

ಹಿಟ್ಟುತಿಗಣೆ, ಶಲ್ಕ ಕೀಟ ಬಂದರೆ ಸೋಪಿನ ನೀರಲ್ಲಿ ಅದ್ದಿದ ಹಳೇ ಹಲ್ಲುಜ್ಜುವ ಬ್ರಷ್ಷು ಸಾಕು. ಗಿಡ ಹೆಚ್ಚಿದ್ದರೆ ಬೇವಿನೆಣ್ಣೆ. ನಿಜವಾದ ವೈರಿ ಬಸವನ ಹುಳು. ರಾತ್ರಿ ಬಂದು ಹೂದಂಟಿನ ಎಳೆ ತುದಿಯನ್ನೂ ಬೇರಿನ ಹಸಿರು ತುದಿಯನ್ನೂ ತಿಂದು ಹೋಗುತ್ತದೆ. ಬೆಳಿಗ್ಗೆ ನೋಡಿದರೆ ಒಂದು ವರ್ಷದ ಕಾಯುವಿಕೆ ಮುಗಿದುಹೋಗಿರುತ್ತದೆ, ಪಕ್ಕದಲ್ಲಿ ಹೊಳೆಯುವ ಗೆರೆಯೊಂದು ಉಳಿದಿರುತ್ತದೆ. ಮಳೆಗಾಲದಲ್ಲಿ ಸಂಜೆ ಒದ್ದೆ ಗೋಣಿಚೀಲ ಹಾಸಿ, ಅದರಡಿ ಪಪ್ಪಾಯಿ ಎಲೆ ಇಟ್ಟು, ಬೆಳಿಗ್ಗೆ ಎತ್ತಿ ಹಿಡಿದು ಉಪ್ಪುನೀರಿಗೆ ಹಾಕುತ್ತೇನೆ. ಟಾರ್ಚ್ ಹಿಡಿದು ರಾತ್ರಿ ಒಂಬತ್ತಕ್ಕೆ ಒಂದು ಸುತ್ತು ಬಂದರೆ ಇನ್ನೂ ಒಳ್ಳೆಯದು.

ಹೂ ಬಾರದಿದ್ದರೆ, ಬಂದರೆ

ಗಿಡ ಚೆನ್ನಾಗಿದ್ದೂ ಹೂ ಇಲ್ಲ ಅಂದರೆ ನೂರಕ್ಕೆ ತೊಂಬತ್ತು ಸಲ ಬೆಳಕಿನ ಕೊರತೆ. ಒಂದು ಮಾರು ಬೆಳಕಿನ ಕಡೆಗೆ ಸರಿಸಿ ನೋಡಿ, ಒಮ್ಮೆಲೇ ಬಿಸಿಲಿಗಲ್ಲ. ಫೆಲನಾಪ್ಸಿಸ್‌ಗೆ ಕೆಲವು ವಾರ ರಾತ್ರಿಯ ತಂಪು ಬೇಕು. ದೀಪಾವಳಿ ಕಳೆದ ಮೇಲೆ ರಾತ್ರಿ ಹೊರಗೆ ಸೂರಿನಡಿ ಇಟ್ಟರೆ ದಂಟು ಹೊರಡುತ್ತದೆ. ಮೊಗ್ಗು ಬಂದ ಮೇಲೆ ಕುಂಡ ತಿರುಗಿಸಬೇಡಿ, ಮೊಗ್ಗು ಬೆಳಕು ಹುಡುಕುತ್ತಾ ತಿರುಚಿಕೊಳ್ಳುತ್ತದೆ. ಸೀತಾಳೆ ದಂಡೆಗೆ ಆತುರ ಹೇಳಿ ಪ್ರಯೋಜನವಿಲ್ಲ. ನಮ್ಮ ಹಲಸಿನ ಮರದ್ದು ಹೂ ಬಿಟ್ಟದ್ದು ಮೂರನೇ ವರ್ಷ.

ಹೂ ಉದುರಿದ ಮೇಲೆ ಕೆಲವೊಮ್ಮೆ ಕಾಯಿ ನಿಲ್ಲುತ್ತದೆ. ಕುಂಡದ ಗಿಡವಾದರೆ ಕತ್ತರಿಸಿಬಿಡಿ, ತಿಂಗಳುಗಟ್ಟಲೆ ಅದನ್ನು ಸಾಕುವುದರಲ್ಲೇ ಗಿಡ ಸೋಲುತ್ತದೆ. ಮರದ ಮೇಲಿನದಾದರೆ ಬಿಡಿ. ನಮ್ಮಲ್ಲಿ ಎರಡು ಕಾಯಿ ಒಡೆದು ಹಳದಿ ಧೂಳು ಗಾಳಿಗೆ ಹೋಗಿತ್ತು. ಹೋದ ವರ್ಷ ಹಲಸಿನ ಕಾಯಿ ಕೊಯ್ಯಲು ಏಣಿ ಇಟ್ಟವನು ಮೇಲಿನಿಂದ ಕರೆದ. ಹತ್ತಿ ನೋಡಿದರೆ ಎರಡನೇ ಕವಲಿನ ಹಾವಸೆಯ ನಡುವೆ, ಭತ್ತದ ಕಾಳಿನಷ್ಟು ಎರಡು ಎಲೆ, ಅದರ ಬುಡದಿಂದ ನೂಲಿನಂಥ ಒಂದು ಬಿಳಿ ಬೇರು. ಏಣಿಯನ್ನು ಆ ಕವಲಿಗೆ ಒರಗಿಸದೆ ಬೇರೆ ಕಡೆ ಇಡಿಸಿದೆ.